ಅಪ್‌ಡೇಟ್: ಅಡುಗೆಗೆ ಮನಸ್ಸೇ ಬರಲ್ಲ ಅಂದಿದ್ದೆ, ಈಗ ಬರುತ್ತಿದೆ

ಅಡುಗೆ ಅಂದರೆ ಬೇಸರ, ಚೆಂದದ ಸಾಮಾನು ತಂದರೆ ಮನಸ್ಸು ಬರುತ್ತಾ ಅಂತ ಹೋದ ತಿಂಗಳು ಕೇಳಿದ್ದೆ. "ಎಲ್ಲಾ ಒಟ್ಟಿಗೆ ಕೊಳ್ಳಬೇಡಿ, ದಿನಾ ಕೈಗೆ ಸಿಗುವುದನ್ನು ಮೊದಲು ಬದಲಿಸಿ" ಅಂದಿರಿ. ಆ ಮಾತು ತುಂಬಾ ಹಿಡಿಸಿತು. ಮೂರೇ ಸಾಮಾನು ತಂದೆ.

ಜಾಸ್ತಿ ಇಷ್ಟವಾಗಿದ್ದು ತರಕಾರಿ ಹೆಚ್ಚುವ ಮರದ ಹಲಗೆ. ತಿಳಿ ಕಂದು ಬಣ್ಣ, ಒಂದು ಮೂಲೆಯಲ್ಲಿ ಸುರುಳಿಯಂಥ ಗಂಟಿನ ಗುರುತು. ಮೊದಲಿದ್ದ ಗಾಜಿನ ಹಲಗೆಯಲ್ಲಿ ಚಾಕು ಬೇಗ ಮೊಂಡಾಗುತ್ತಿತ್ತು, ಟಕಟಕ ಸದ್ದು ಬೇರೆ. ಇದರ ಮೇಲೆ ಚಾಕು ಮೆತ್ತಗೆ ಇಳಿಯುತ್ತದೆ. ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದೇ ಇಲ್ಲ. ತೊಳೆದ ಮೇಲೆ ನಿಲ್ಲಿಸಿ ಒಣಗಿಸುತ್ತೇನೆ, ಆಗಾಗ ಫುಡ್ ಗ್ರೇಡ್ ಮಿನರಲ್ ಆಯಿಲ್ (ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಎಣ್ಣೆ) ಸವರುತ್ತೇನೆ. ನೀರಲ್ಲಿ ನೆನೆಸಿಟ್ಟರೆ ಮರ ಬಿರುಕು ಬಿಡುತ್ತದೆ, ಅಲ್ವಾ?

ಆಮೇಲೆ ಅಳತೆ ಚಮಚಗಳು. ಹಿಡಿಯ ಮೇಲೆ 5 ಮಿ.ಲೀ., 15 ಮಿ.ಲೀ. ಅಂತ ಕೊರೆದಿದೆ. ಉಪ್ಪು ಎಷ್ಟು ಹಾಕಲಿ ಅನ್ನುವ ಭಯ ಹೋಯಿತು. ಇದು ನನಗೆ ದೊಡ್ಡ ವಿಷಯ.

ಹಕ್ಕಿ ಆಕಾರದ ಟೈಮರ್ ಅಷ್ಟೇನೂ ಬಳಸಿಲ್ಲ. ಆದರೂ ಕಿಟಕಿ ಹತ್ತಿರ ಇಟ್ಟಿದ್ದೇನೆ, ಸುಮ್ನೆ ನೋಡಿದರೂ ಖುಷಿ.

ವಾರಕ್ಕೊಮ್ಮೆ ಒಲೆ ಹಚ್ಚುತ್ತಿದ್ದವಳು ಈಗ ನಾಲ್ಕು ದಿನ ಹಚ್ಚುತ್ತೇನೆ. ನಿಮ್ಮೆಲ್ಲರಿಗೂ ಮನಸಾರೆ ಥ್ಯಾಂಕ್ಸ್. ಚಾಕುವಿಗೆ ಸಾಣೆ ಹಿಡಿಸುವುದೊಂದು ಬಾಕಿ, ಈ ಭಾನುವಾರ ಮಾಡಿಸುತ್ತೇನೆ.