ಅಪ್‌ಡೇಟ್: ಅಮ್ಮನ ಮೇಲಿನ ಹಲ್ಲಿನ ಸೆಟ್ ಈಗ ಜಾರುತ್ತಿಲ್ಲ

ಅಮ್ಮನ ಮೇಲಿನ ಹಲ್ಲಿನ ಸೆಟ್ ಮಾತಾಡುವಾಗಲೇ ಜಾರುತ್ತದೆ, ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಪುಟ್ಟ ಸ್ಕ್ರೂ) ಹಾಕಿಸಿದರೆ ನಿಲ್ಲುತ್ತದಾ ಅಂತ ಕೇಳಿದ್ದೆ. ನಿಂತಿದೆ!

ಮೇಲಿನ ದವಡೆಯ ಮೂಳೆ ಕೆಳಗಿನದಕ್ಕಿಂತ ಮೆದು. ಎರಡು ಸಾಲದು ಎಂದು ಡಾಕ್ಟರ್ 4 ಇಂಪ್ಲಾಂಟ್ ಹಾಕಿದರು. ಮೂಳೆ ಅವುಗಳ ಜೊತೆ ಕೂಡಿಕೊಳ್ಳಲಿ ಎಂದು 5 ತಿಂಗಳು ಕಾದೆವು. ಆಮೇಲೆ ಹೊಸ ಸೆಟ್ ಬಂತು. ಒಳಗೆ ಪ್ರೆಸ್ ಬಟನ್ ತರಹದ ಹಿಡಿತ ಇದೆ, ಒತ್ತಿದರೆ ಇಂಪ್ಲಾಂಟ್ ಮೇಲೆ ಟಕ್ ಅಂತ ಕೂರುತ್ತದೆ. ಅಂಗುಳನ್ನು ಮುಚ್ಚುವ ಭಾಗವೇ ಇದರಲ್ಲಿಲ್ಲ. ಅಮ್ಮನಿಗೆ ಅದೇ ಎಲ್ಲಕ್ಕಿಂತ ದೊಡ್ಡ ಖುಷಿ. ಸಾರಿನ ಬಿಸಿ, ರುಚಿ ಎರಡೂ ಮತ್ತೆ ಗೊತ್ತಾಗುತ್ತಿದೆಯಂತೆ. ಮೊನ್ನೆ ಜೋಳದ ರೊಟ್ಟಿ ತಿಂದರು. ನೋಡುತ್ತಾ ನನಗೆ ಕಣ್ಣು ತುಂಬಿ ಬಂತು.

ಕದಲುವುದೇ ಇಲ್ಲ ಅಂತಲ್ಲ. ಗಟ್ಟಿ ಚಕ್ಕುಲಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿದರೆ ಹಿಂದೆ ಸ್ವಲ್ಪ ಏಳುತ್ತದೆ. 8 ತಿಂಗಳಿಗೆ ಹಿಡಿತ ಸಡಿಲವಾದಾಗ ಗಾಬರಿಯಾದೆ. ಬಟನ್ ಒಳಗಿನ ಪುಟ್ಟ ನೈಲಾನ್ ಬಿಲ್ಲೆ ಸವೆದಿತ್ತು, ಅಷ್ಟೇ. ಅದು ಸವೆಯುವುದೇ, ಆಗಾಗ ಬದಲಿಸಬೇಕು. ಹತ್ತೇ ನಿಮಿಷದ ಕೆಲಸ.

ರಾತ್ರಿ ಸೆಟ್ ತೆಗೆದು ನೀರಲ್ಲಿಡುತ್ತಾರೆ. ಇಂಪ್ಲಾಂಟ್ ಸುತ್ತ ಮೆತ್ತನೆ ಬ್ರಷ್‌ನಲ್ಲಿ ಉಜ್ಜುವುದನ್ನು ಒಂದು ದಿನವೂ ತಪ್ಪಿಸಿಲ್ಲ. ನೀವೂ ಹಾಕಿಸುವ ಯೋಚನೆಯಲ್ಲಿದ್ದರೆ, ಮೂಳೆ ಎಷ್ಟಿದೆ ಅಂತ ಮೊದಲು ಸ್ಕ್ಯಾನ್ ಮಾಡಿಸಿಕೊಳ್ಳಿ.