ಬೈಪೋಲಾರ್ ಕಾಯಿಲೆ: ‘ದ್ವಿಧ್ರುವ’, ‘ಉನ್ಮಾದ’ಗಳಿಗೆ ಬದಲಿ ಪದಗಳು ಬೇಕು

ಗೆಳೆಯರೇ, ನಮಸ್ಕಾರ. ಮನಸ್ಸು ಕೆಲಕಾಲ ಮಿತಿಮೀರಿ ಏರಿ, ಕೆಲಕಾಲ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆ ಇರುವವರ ಮನೆಯವರು ಓದಲೆಂದು ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಔಷಧಿಯ ಭಾಗ ಸಲೀಸಾಗಿ ಮುಗಿಯಿತು. ಲಿಥಿಯಂ ಮಾತ್ರೆ, ರಕ್ತಪರೀಕ್ಷೆ, ಥೈರಾಯ್ಡ್, ಕಿಡ್ನಿ, ಎಲ್ಲವೂ ಜನರ ಬಾಯಲ್ಲಿರುವ ಮಾತುಗಳೇ. ಕಾಯಿಲೆಯನ್ನು ವಿವರಿಸುವ ಪುಟಗಳಲ್ಲಿ ತೊಡಕಾಗಿದೆ.

ಅಚ್ಚಿನಲ್ಲಿ ಕಾಣಸಿಗುವ ಪದ ‘ದ್ವಿಧ್ರುವ ಅಸ್ವಸ್ಥತೆ’. ಧ್ರುವ ಎಂದರೆ ಮೂಲದಲ್ಲಿ ಅಲುಗದ್ದು, ಸ್ಥಿರವಾದದ್ದು. ನಕ್ಷತ್ರಕ್ಕೆ ಆ ಹೆಸರು ಬಂದದ್ದೂ ಹಾಗೆಯೇ. ಅದನ್ನಾದರೂ ಒಪ್ಪಬಹುದು. ಒಪ್ಪಲಾಗದ್ದು ಇನ್ನೊಂದಿದೆ: ಎರಡು ಧ್ರುವ ಎಂದ ಕೂಡಲೇ ರೋಗಿ ಸದಾ ಈ ತುದಿಯಲ್ಲೋ ಆ ತುದಿಯಲ್ಲೋ ಇರುತ್ತಾನೆ ಎಂದು ಓದುಗ ತಿಳಿಯುತ್ತಾನೆ. ಅನೇಕರಿಗೆ ಕಾಯಿಲೆಯ ಎರಡು ಸರದಿಗಳ, ಅಂದರೆ ಏರಿಕೆ ಅಥವಾ ಇಳಿಕೆಯ ಅವಧಿಗಳ, ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆಮ್ಮದಿಯ ಕಾಲವಿರುತ್ತದೆ. ಆಗ ಅವರು ಕಚೇರಿಗೆ ಹೋಗುತ್ತಾರೆ, ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆ, ಮದುವೆಮನೆಯಲ್ಲಿ ಓಡಾಡುತ್ತಾರೆ. ಫ್ರಾನ್ಸಿನ ವೈದ್ಯ ಫಾಲ್ರೆ 1854ರಲ್ಲಿ ಈ ಕಾಯಿಲೆಯನ್ನು ಬಣ್ಣಿಸಿದಾಗ ಕೊಟ್ಟ ಹೆಸರಿನ ಅರ್ಥ ‘ವರ್ತುಲಾಕಾರದ ಹುಚ್ಚು’. ಹುಚ್ಚು ಎಂಬುದು ಇಂದು ಸಲ್ಲದು, ಆದರೆ ಏರಿಕೆ, ಇಳಿಕೆಗಳ ಜೊತೆಗೆ ನಡುವಿನ ಆರೋಗ್ಯದ ಕಾಲವನ್ನೂ ಅವನು ಆ ವರ್ತುಲದೊಳಗೆ ಸೇರಿಸಿದ್ದ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ‘ಬೈಪೋಲಾರ್’ ಎಂಬುದನ್ನು ಅಧಿಕೃತ ಹೆಸರಾಗಿಸಿತು. ಆ ನಡುವಿನ ಕಾಲ ಹೆಸರಿನಲ್ಲಿ ಕಾಣದಾಯಿತು. ಕನ್ನಡದಲ್ಲಿ ಅದಕ್ಕೆ ಜಾಗ ಕೊಡುವ ಪದ ಹುಟ್ಟಿಸಬಹುದೇ? ‘ಸರದಿ ಕಾಯಿಲೆ’ ಎಂದು ಯೋಚಿಸಿದೆ. ‘ಮನಸ್ಸಿನ ಏರಿಳಿತ’ ಮಾತ್ರ ಬೇಡ. ಏರಿಳಿತ ಎಲ್ಲರಿಗೂ ಉಂಟು, ಬೆಳಗಿನ ಸಿಟ್ಟು ಸಂಜೆಗೆ ಇಳಿಯುತ್ತದೆ. ಇಲ್ಲಿ ಖಿನ್ನತೆ ಕನಿಷ್ಠ ಎರಡು ವಾರ ಎಡೆಬಿಡದೆ ಕಾಡಿದರೆ ಮಾತ್ರ ವೈದ್ಯರು ಅದನ್ನು ಒಂದು ಸರದಿಯೆಂದು ಎಣಿಸುತ್ತಾರೆ.

ಹೆಚ್ಚು ಕಷ್ಟ ಕೊಡುತ್ತಿರುವ ಪದ ‘ಉನ್ಮಾದ’, ಅಂದರೆ ಏರಿಕೆಯ ಸರದಿಗೆ (ಇಂಗ್ಲಿಷಿನ ‘ಮೇನಿಯಾ’ಕ್ಕೆ) ಬಳಸುವ ಹೆಸರು. ಚರಕಸಂಹಿತೆಯಲ್ಲಿ ಉನ್ಮಾದಕ್ಕೆ ಐದು ಬಗೆಗಳಿವೆ. ಅಲ್ಲಿ ಅದು ಬುದ್ಧಿ ಕೆಡುವ ಸ್ಥಿತಿಗಳೆಲ್ಲವನ್ನೂ ಒಳಗೊಳ್ಳುವ ಮಾತು. ಪತ್ರಿಕೆಗಳಲ್ಲಿ ಅದು ‘ಯುದ್ಧೋನ್ಮಾದ’ವಾಗಿ ಬರುತ್ತದೆ. ಇವೆರಡರ ನಡುವೆ ಒಬ್ಬ ತಾಯಿ ತನ್ನ ಮಗನ ಸ್ಥಿತಿಯನ್ನು ಗುರುತಿಸುವುದು ಹೇಗೆ? ಅವಳು ಕಾಣುವುದು ಇಷ್ಟು: ಮೂರು ಗಂಟೆ ಮಲಗಿ ಎದ್ದರೂ ಅವನಿಗೆ ದಣಿವಿಲ್ಲ, ಮಾತು ಮುಗಿಯುವುದಿಲ್ಲ, ಸಾಲ ತಂದು ಅಂಗಡಿ ತೆರೆಯುತ್ತೇನೆ ಎನ್ನುತ್ತಾನೆ, ತಡೆದರೆ ಸಿಡಿದುಬೀಳುತ್ತಾನೆ.

ಇದರ ಸೌಮ್ಯ ರೂಪ ಇನ್ನೂ ಮೋಸದ್ದು. ನಾಲ್ಕೈದು ದಿನ ಚುರುಕಾಗಿ, ನಗುನಗುತ್ತಾ ಓಡಾಡುವವನನ್ನು ಕಂಡು, ಅದೂ ತಿಂಗಳುಗಟ್ಟಲೆ ಮಂಕು ಕವಿದು ಕೂತಿದ್ದವನನ್ನು ಕಂಡು, ‘ಅಂತೂ ಹುಷಾರಾದ’ ಎಂದು ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಎಚ್ಚರಗೊಳ್ಳಬೇಕಾದ ಹೊತ್ತು ಅದೇ. ‘ಲಘು ಉನ್ಮಾದ’ ಎಂದು ಬರೆದರೆ ಆ ಎಚ್ಚರ ಯಾರಿಗೂ ಮುಟ್ಟುವುದಿಲ್ಲ. ನನ್ನ ಮನಸ್ಸಿನಲ್ಲಿರುವುದು ‘ಅತಿಹುರುಪು’. ಆದರೆ ಅದರೊಳಗೆ ಸಿಡುಕು ಹಿಡಿಸುವುದಿಲ್ಲ, ಮೇಲಾಗಿ ಹುರುಪು ನಮಗೆ ಮೆಚ್ಚಿನ ಪದ. ನಿದ್ದೆ ಬೇಡವಾಗುವುದನ್ನು ಸೂಚಿಸುವ ಮಾತೇನಾದರೂ ಸಿಕ್ಕರೆ ಅದೇ ಮೇಲು, ಏಕೆಂದರೆ ಮನೆಯವರ ಕಣ್ಣಿಗೆ ಮೊದಲು ಬೀಳುವ ಗುರುತುಗಳಲ್ಲಿ ಅದು ಒಂದು.

ವಾಕ್ಯರಚನೆಯ ಬಗ್ಗೆಯೂ ಒಂದು ಮಾತು. ‘ಅವನು ಬೈಪೋಲಾರ್’ ಎಂದು ಬರೆಯುವುದು ಈಚೆಗೆ ಕಣ್ಣಿಗೆ ಬೀಳುತ್ತಿದೆ. ‘ಅವನಿಗೆ ಜ್ವರ ಬಂದಿದೆ’, ‘ಅವಳಿಗೆ ಸಕ್ಕರೆ ಕಾಯಿಲೆ ಇದೆ’ ಎನ್ನುವ ನಾವು ಇಲ್ಲೇಕೆ ಚತುರ್ಥಿ ವಿಭಕ್ತಿಯನ್ನು (‘ಅವನಿಗೆ’ಯಲ್ಲಿನ ‘ಗೆ’) ಬಿಡಬೇಕು? ‘ಅವನಿಗೆ ಬೈಪೋಲಾರ್ ಕಾಯಿಲೆ ಇದೆ’ ಎಂದರೆ ಕಾಯಿಲೆ ಬೇರೆ, ಮನುಷ್ಯ ಬೇರೆ ಎಂಬುದು ತಾನಾಗಿಯೇ ಉಳಿಯುತ್ತದೆ. ಹೊತ್ತಗೆಯಲ್ಲಿ ಇದನ್ನಂತೂ ಬಿಟ್ಟುಕೊಡುವುದಿಲ್ಲ.

ಧಾರವಾಡ, ಕಲಬುರಗಿ, ಮಂಗಳೂರು, ಚಾಮರಾಜನಗರದ ಕಡೆಯವರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ: ನಿದ್ದೆ ಬಿಟ್ಟು, ದಣಿವಿಲ್ಲದೆ, ಮಿತಿಮೀರಿ ಓಡಾಡುವವರ ಬಗ್ಗೆ ನಿಮ್ಮಲ್ಲಿ ಅಜ್ಜಿಯರು ಏನೆನ್ನುತ್ತಾರೆ? ಬೈಗುಳವಲ್ಲದ, ದೆವ್ವ ಮೆಟ್ಟಿತೆನ್ನದ ಪದವಿದ್ದರೆ ದಯವಿಟ್ಟು ಬಳಕೆಯ ಒಂದು ವಾಕ್ಯದೊಡನೆ ತಿಳಿಸಿ.