ಸ್ವಂತ ಸರ್ವರ್‌ನಲ್ಲಿ ಮೊಬಿಲಿಜಾನ್ ಹಾಕಿದವರು ಇದ್ದೀರಾ?

ಪ್ರಶ್ನೆ, ಚಿಕ್ಕಮಗಳೂರಿನಿಂದ:
ಚಾರಣ, ನಾಟಕ, ಓದು ಅಂತ ನಮ್ಮಲ್ಲಿ ಮೂರು ಬಳಗ. ಕಾರ್ಯಕ್ರಮದ ಸುದ್ದಿ ವಾಟ್ಸಾಪ್‌ಗೆ ಹಾಕಿದರೆ ಗುಡ್ ಮಾರ್ನಿಂಗ್ ಚಿತ್ರಗಳ ಮಧ್ಯೆ ಕಳೆದುಹೋಗುತ್ತದೆ. ಎಲ್ಲ ಒಂದೇ ಕಡೆ ಕಾಣುವಂತೆ ಮೊಬಿಲಿಜಾನ್ (Mobilizon, ಕಾರ್ಯಕ್ರಮ ಪ್ರಕಟಿಸುವ ಮುಕ್ತ ತಂತ್ರಾಂಶ) ಹಾಕೋಣ ಅಂತಿದ್ದೇನೆ. ಬಾಡಿಗೆ ಸರ್ವರ್ ಇದೆ. ಡೆಬಿಯನ್ ಲಿನಕ್ಸ್, 1 ಜಿಬಿ ರ‍್ಯಾಮ್. ಸಾಕಾಗುತ್ತಾ? ಎಲ್ಲಿ ಕೈ ಕೊಡುತ್ತೆ?

ಹಾಸನದಿಂದ:
ಸರ್, ನಮ್ಮ ಬಳಗಕ್ಕೆ ನಾನೇ ಹಾಕಿ ನಡೆಸುತ್ತಿದ್ದೇನೆ. ಮೊದಲನೆಯದಾಗಿ, ಸೋರ್ಸ್ ಕೋಡ್‌ನಿಂದ ನೀವೇ ಕಂಪೈಲ್ ಮಾಡಲು ಹೋಗಬೇಡಿ. ಅದಕ್ಕೆ ಬೇಕಾದ ಎಲಿಕ್ಸಿರ್ ಭಾಷೆ ಒಂದು ಕಡೆ, ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಇನ್ನೊಂದು ಕಡೆ ಮೆಮೊರಿ ತಿನ್ನುತ್ತವೆ. 1 ಜಿಬಿಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ನಿಮ್ಮ ಡೆಬಿಯನ್ ಆವೃತ್ತಿಗೆ ಹೊಂದುವ ರೆಡಿ ರಿಲೀಸ್ ಇಳಿಸಿಕೊಳ್ಳಿ. 2 ಜಿಬಿ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಮಾಡಿಡಿ.

ಜಾಸ್ತಿ ಜನ ಒದ್ದಾಡುವುದು ಡೇಟಾಬೇಸ್‌ನಲ್ಲಿ. ಪೋಸ್ಟ್‌ಗ್ರೆಸ್ ಹಾಕಿದ ಮಾತ್ರಕ್ಕೆ ಆಗಲ್ಲ. ಸ್ಥಳದ ಮಾಹಿತಿ ನೋಡಿಕೊಳ್ಳುವ ಪೋಸ್ಟ್‌ಜಿಐಎಸ್ ಬೇರೆಯೇ ಪ್ಯಾಕೇಜು, ಅದೂ ಬೇಕು. ಸೆಟಪ್ ಕಮಾಂಡ್ ಡೊಮೇನ್, ಇಮೇಲ್ ಎಲ್ಲ ಕೇಳಿಕೊಂಡು ಎರಡು ಫೈಲ್ ಬರೆದುಕೊಡುತ್ತದೆ. ಒಂದು ಕಾನ್ಫಿಗ್, ಇನ್ನೊಂದು ಎಸ್‌ಕ್ಯೂಎಲ್. ಆ ಎಸ್‌ಕ್ಯೂಎಲ್ ಫೈಲನ್ನು ಪೋಸ್ಟ್‌ಗ್ರೆಸ್ ಯೂಸರ್ ಆಗಿಯೇ ಓಡಿಸಿ. ಪೋಸ್ಟ್‌ಜಿಐಎಸ್ ಎಕ್ಸ್‌ಟೆನ್ಶನ್ ಸೇರಿಸುವ ಅಧಿಕಾರ ಮೊಬಿಲಿಜಾನ್ ಯೂಸರ್‌ಗೆ ಇರುವುದಿಲ್ಲ. ಆಮೇಲೆ ಮೈಗ್ರೇಶನ್ (ಡೇಟಾಬೇಸ್‌ನ ಕೋಷ್ಟಕಗಳನ್ನು ಮಾಡುವುದು), ಅಡ್ಮಿನ್ ಖಾತೆ, ವೆಬ್ ಸರ್ವರ್ ಎಂಜಿನ್‌ಎಕ್ಸ್, ಎಚ್‌ಟಿಟಿಪಿಎಸ್ ಪ್ರಮಾಣಪತ್ರ ತರುವ ಸರ್ಟ್‌ಬಾಟ್. ಅವೆಲ್ಲ ಗೈಡ್ ನೋಡಿಕೊಂಡು ಸಲೀಸಾಗಿ ಆಗುತ್ತವೆ.

ಡೊಮೇನ್ ಹೆಸರು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ಆಕ್ಟಿವಿಟಿಪಬ್‌ನಲ್ಲಿ (ಇಂಥ ಸರ್ವರ್‌ಗಳು ಒಂದಕ್ಕೊಂದು ಮಾತಾಡುವ ನಿಯಮ) ಬೇರೆ ಸರ್ವರ್‌ಗಳು ನಿಮ್ಮನ್ನು ಗುರುತಿಸುವುದೇ ಅದರಿಂದ. ನಡುವೆ ಬದಲಿಸಿದರೆ ಹಳೆಯ ನಂಟೆಲ್ಲ ಕಡಿದುಹೋಗುತ್ತದೆ.

ಕಡೂರಿನಿಂದ:
ಇಮೇಲ್ ಬಿಟ್ಟುಹೋಯಿತಲ್ಲ! ತುಂಬಾ ಬಾಡಿಗೆ ಸರ್ವರ್‌ಗಳಲ್ಲಿ ಮೇಲ್ ಹೊರಡುವ 25ನೇ ಪೋರ್ಟ್ ಮುಚ್ಚಿರುತ್ತದೆ. ಖಾತೆ ದೃಢೀಕರಣದ ಮೇಲ್ ಹೊರಡುವುದೇ ಇಲ್ಲ, ಜನ ಸುಮ್ನೆ ಕಾಯುತ್ತಾರೆ. ಮೇಲ್ ಕಳಿಸಿಕೊಡುವ ಎಸ್‌ಎಂಟಿಪಿ ಸೇವೆಯೊಂದನ್ನು ಹಿಡಿದು 587ನೇ ಪೋರ್ಟ್‌ನಲ್ಲಿ ಕಳಿಸಿ. ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕಿಮ್ (ಮೇಲ್ ನಿಮ್ಮದೇ ಎಂದು ತೋರಿಸುವ ದಾಖಲೆಗಳು) ಎರಡೂ ಇರಲಿ. ಇಲ್ಲದಿದ್ದರೆ ಸ್ಪ್ಯಾಮ್‌ಗೇ ಹೋಗುತ್ತದೆ. ಮತ್ತೆ, ನೋಂದಣಿ ಎಲ್ಲರಿಗೂ ತೆರೆದಿಡಬೇಡಿ. ಸ್ಪ್ಯಾಮ್ ಖಾತೆಗಳು ಮುತ್ತಿಕೊಳ್ಳುತ್ತವೆ.

ಸಕಲೇಶಪುರದಿಂದ:
ಮೂರು ಬಳಗಕ್ಕೆ ಇಷ್ಟೆಲ್ಲ ಬೇಕಾ ಗುರು? ಗಾಂಚೋ (Gancio) ನೋಡಿ, ಅದೂ ಕಾರ್ಯಕ್ರಮ ಪ್ರಕಟಿಸುವ ತಂತ್ರಾಂಶವೇ. ಹೆಸರು ಕೇಳಿ ನಗಬೇಡಿ, ಇಟಲಿಯವರು ಮಾಡಿದ್ದು. ನೋಡ್ ಮೇಲೆ ಓಡುತ್ತೆ, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಸಾಕು. ಖಾತೆ ಇಲ್ಲದವರೂ ಕಾರ್ಯಕ್ರಮ ಕಳಿಸಬಹುದು, ನೀವು ಒಪ್ಪಿದರೆ ಕಾಣುತ್ತೆ. ನಾಟಕದ ಹಿರಿಯರಿಗೆ ಪಾಸ್‌ವರ್ಡ್ ನೆನಪಿಸುವ ಕೆಲಸ ತಪ್ಪಿತು. ಮೊಬಿಲಿಜಾನ್‌ನ ಹಾಗೆ ಗುಂಪು, ಚರ್ಚೆ ಇರಲ್ಲ. ನನ್ನ ಪ್ರಕಾರ ನಿಮಗೆ ಅದು ಬೇಕೂ ಇಲ್ಲ.

ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಹಾಕೋ ಆಸೆ ಬಂದರೆ ಬಿಟ್ಟುಬಿಡಿ. ಮಲೆನಾಡಿನ ಜುಲೈ ಕರೆಂಟ್ ಗೊತ್ತಲ್ಲ. ಅದೂ ಅಲ್ಲದೆ ಎಷ್ಟೋ ಬ್ರಾಡ್‌ಬ್ಯಾಂಡ್‌ಗಳಲ್ಲಿ ಮನೆಗೆ ಹೊರಗಿನಿಂದ ತಲುಪಬಹುದಾದ ಸ್ವಂತ ಪಬ್ಲಿಕ್ ಐಪಿ ವಿಳಾಸ ಸಿಗುವುದಿಲ್ಲ.

ಬೇಲೂರಿನಿಂದ:
ಜಾಗ ಹುಡುಕುವುದೂ ಒಂದು ತಲೆನೋವು. ಮೊಬಿಲಿಜಾನ್ ವಿಳಾಸ ಹುಡುಕುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯಲ್ಲಿ. ಕುವೆಂಪು ಕಲಾಮಂದಿರ ಆದರೆ ಯಾರನ್ನು ಕೇಳಿದರೂ ಹೇಳುತ್ತಾರೆ. ತೋಟದ ದಾರಿಯಲ್ಲಿ ಶುರುವಾಗುವ ಚಾರಣಕ್ಕೆ ಏನು ಮಾಡುತ್ತೀರಿ? ನಕ್ಷೆಗೆ ಆ ಜಾಗವನ್ನು ನೀವೇ ಸೇರಿಸಬಹುದು, ಖಾತೆ ಉಚಿತ. ಚಾರಣದವರಿಗೇ ಒಪ್ಪಿಸಿ, ಹೇಗೂ ಫೋನ್ ಹಿಡಿದು ಗುಡ್ಡ ಹತ್ತುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈಗ ಗಾಂಚೋ ಕಡೆ ಮನಸ್ಸು ವಾಲುತ್ತಿದೆ. ಬ್ಯಾಕಪ್ ಹೇಗೆ?

ಹಾಸನದಿಂದ:
ಎಸ್‌ಕ್ಯೂಲೈಟ್ ಆದರೆ ಡೇಟಾಬೇಸ್ ಅಂದರೆ ಒಂದೇ ಫೈಲು. ಅದು, ಕಾನ್ಫಿಗ್, ಅಪ್‌ಲೋಡ್ ಫೋಲ್ಡರ್, ಮೂರನ್ನೂ ದಿನಾ ಬೇರೆ ಕಡೆಗೆ ನಕಲು ಮಾಡಿ. ನಕಲು ಮಾಡುವ ಹೊತ್ತಿಗೆ ಗಾಂಚೋ ನಿಲ್ಲಿಸಿರಿ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ಜಾಗತಿಕ ಸಮಯ) ರಾತ್ರಿ 2ಕ್ಕೆ ಅಂತ ಬರೆದ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ನಮ್ಮಲ್ಲಿ ಬೆಳಿಗ್ಗೆ 7.30ಕ್ಕೆ ಓಡುತ್ತದೆ. ಮೊದಲು ಏಷ್ಯಾ/ಕೋಲ್ಕತಾ ಸಮಯವಲಯಕ್ಕೆ ಹೊಂದಿಸಿಕೊಳ್ಳಿ.